ನನ್ನ ಎಡಗಿವಿ, ಮಾವನ ಅಂಗಾಲು

ಮಾರ್ಚ್ ೪, ಸೋಮವಾರ

ಡಾಕ್ಟರಮ್ಮ ದಿನಾ ಬರೆದಿಡಿ ಅಂದಿದ್ದಾರೆ. ಯಾವಾಗ ತಲೆ ಸುತ್ತಿತು, ಎಷ್ಟು ಹೊತ್ತು ಸುತ್ತಿತು, ಏನು ಮಾಡುವಾಗ ಸುತ್ತಿತು. ಬರೆದೆ: ಯಾವಾಗಲೂ, ಇಡೀ ದಿನ, ಏನೂ ಮಾಡದೆ ಬಿದ್ದುಕೊಂಡಿದ್ದಾಗಲೂ. ಅಕ್ಷರಗಳು ಓಡಿಹೋಗುತ್ತಿವೆ. ಸಾಕು.

ಮಾರ್ಚ್ ೬, ಬುಧವಾರ

ಇವತ್ತು ದಿಂಬಿಗೆ ಒರಗಿ ಕೂರುವಷ್ಟಾಗಿದೆ. ತುಂಬಿದ ಕೊಡ ಹೊತ್ತವಳ ಹಾಗೆ ತಲೆ ಅಲ್ಲಾಡಿಸದೆ ಬರೆಯುತ್ತಿದ್ದೇನೆ.

ಹೋದ ಶುಕ್ರವಾರ ಮೊದಲ ಪಾಳಿಗೆ ಹೊರಡಲು ಎದ್ದು ಕಾಲು ಕೆಳಗಿಟ್ಟೆ, ಅಷ್ಟೇ. ಕೋಣೆ ಗಿರ್ರನೆ ತಿರುಗಿತು. ಕಿಟಕಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಯಿತು, ಅದರ ಹಿಂದೆ ಬೀರು, ಮತ್ತೆ ಕಿಟಕಿ. ಎಂಟು ವರ್ಷದಿಂದ ಸಿಟಿ ಬಸ್ ಓಡಿಸುತ್ತಿರುವವಳು ನಾನು. ಎಂಥ ಇಕ್ಕಟ್ಟಿನ ಗಲ್ಲಿಯಲ್ಲೂ ಬಸ್ ತಿರುಗಿಸಿದ್ದೇನೆ. ಅವತ್ತು ಮಂಚದಿಂದ ಬಚ್ಚಲಿಗೆ ಹೋಗಲಾಗದೆ ಮೊಣಕಾಲೂರಿ ತೆವಳಿದೆ, ಅರ್ಧ ದಾರಿಯಲ್ಲೇ ವಾಂತಿ.

ಇವರು ಪ್ರೆಸ್ಸಿನಲ್ಲಿ ರಾತ್ರಿಪಾಳಿ ಮುಗಿಸಿ ಇನ್ನೂ ಬಂದಿರಲಿಲ್ಲ. ಮನೆಯಲ್ಲಿದ್ದದ್ದು ಮಾವ ಒಬ್ಬರೇ. ಬಕೆಟ್ ತಂದು ಹಿಡಿದವರು ಅವರೇ. ನಾನು ಮದುವೆಯಾಗಿ ಬಂದಾಗಿನಿಂದ ನಮ್ಮಿಬ್ಬರ ಮಾತುಕತೆಯೆಲ್ಲ ಸೇರಿಸಿದರೂ ಒಂದು ಸಂಜೆಗೆ ಸಾಲದು. 'ಊಟ ಆಯ್ತಾ', 'ಆಯ್ತು', 'ಬಾಗಿಲು ಹಾಕ್ಕೊ'. ನನ್ನ ಬಸ್ಸನ್ನಂತೂ ಅವರು ಒಂದು ದಿನವೂ ಹತ್ತಿದವರಲ್ಲ. ಸೊಸೆ ಡ್ರೈವರ್ ಅನ್ನುವುದು ಅವರಿಗೆ ನುಂಗಲಾರದ ತುತ್ತು ಅಂತ ನನಗೆ ಗೊತ್ತು. ಅಂಥವರ ಕೈಯಲ್ಲಿ ಬಕೆಟ್ ಹಿಡಿಸಿದೆನಲ್ಲ ಅಂತ ನಾಚಿಕೆಯಿಂದ ಕುಗ್ಗಿಹೋದೆ. ಅವರು ಮಾತ್ರ ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ನನ್ನ ಜಡೆ ಹಿಡಿದುಕೊಂಡು "ಆಗಲಿ, ಎಲ್ಲ ಹೊರಗೆ ಬರಲಿ" ಅನ್ನುತ್ತಿದ್ದರು.

ಮಾರ್ಚ್ ೯, ಶನಿವಾರ

ಆಸ್ಪತ್ರೆಗೆ ಹೋಗಿ ಬಂದೆ. ಡಾಕ್ಟರಮ್ಮ ನನಗಿಂತ ಚಿಕ್ಕವರು, ತಾಳ್ಮೆ ಮಾತ್ರ ನನ್ನ ಹತ್ತರಷ್ಟು. ಕಿವಿ ಇರುವುದು ಕೇಳುವುದಕ್ಕೆ ಮಾತ್ರ ಅಂದುಕೊಂಡಿದ್ದೆ, ಅಲ್ಲವಂತೆ. ಒಳಗಿವಿಯಲ್ಲಿ ಅರ್ಧ ಬಳೆಯಂಥ ಮೂರು ಸಣ್ಣ ಕೊಳವೆಗಳಿವೆ, ಅವುಗಳೊಳಗೆ ನೀರಿನಂಥ ದ್ರವ. ತಲೆ ತಿರುಗಿಸಿದರೆ ದ್ರವ ಹಿಂದುಳಿದು ಅಲ್ಲಿರುವ ಸೂಕ್ಷ್ಮ ಕೂದಲುಗಳನ್ನು ಬಗ್ಗಿಸುತ್ತದೆ, ಆ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ನನ್ನ ಎಡಗಿವಿಯ ಆ ನರಕ್ಕೆ ಬಾವು ಬಂದಿದೆ.

"ನೀವು ಸುಮ್ಮನೆ ಕೂತಿದ್ರೂ ಎರಡು ಕಿವಿನೂ ಮಿದುಳಿಗೆ ಸರಿಸಮ ಸುದ್ದಿ ಕಳಿಸ್ತಾನೇ ಇರ್ತವೆ. ಈಗ ಎಡಗಿವಿ ಮಾತು ನಿಲ್ಲಿಸಿದೆ. ಬಲಗಿವಿ ಒಂದೇ ಮಾತಾಡ್ತಿರೋದ್ರಿಂದ ನೀವು ಬಲಕ್ಕೆ ತಿರುಗ್ತಿದೀರಿ ಅಂತ ಮಿದುಳು ನಂಬಿಬಿಟ್ಟಿದೆ," ಅಂದರು.

ಸರಿಯಾಗಿ ಅರ್ಥವಾಯಿತು. ಹಿಂದಿನ ಬಾಗಿಲ ಕಂಡಕ್ಟರ್ ನಿದ್ದೆ ಹೊಡೆದರೆ ಮುಂದಿನವನ ಸೀಟಿ ಒಂದನ್ನೇ ನಂಬಿದ ಡ್ರೈವರ್ ಗತಿ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾವು ನೆಟ್ಟಗೆ ನಿಲ್ಲುವುದು ಮೂರು ಕಡೆಯ ಸುದ್ದಿಯಿಂದಂತೆ. ಕಣ್ಣು, ಒಳಗಿವಿ, ಮತ್ತೆ ಅಂಗಾಲು, ಕಾಲಿನ ಕೀಲುಗಳು. ಒಂದು ಕೈಕೊಟ್ಟರೆ ಉಳಿದವನ್ನು ಹೆಚ್ಚು ನಂಬುವುದನ್ನು ಮಿದುಳು ಕಲಿಯಬೇಕು. ಮಲಗಿಬಿಟ್ಟರೆ ಕಲಿಯುವುದಿಲ್ಲ. ತಲೆ ಸುತ್ತಿದರೂ ಸರಿ, ಓಡಾಡಲೇಬೇಕು.

"ಬಸ್ ಯಾವಾಗ ಓಡಿಸಬಹುದು ಡಾಕ್ಟ್ರೇ?" ಅಂದೆ. ಮೇ ತಿಂಗಳಲ್ಲಿ ಪರೀಕ್ಷೆ ಮಾಡಿ ಹೇಳುತ್ತಾರಂತೆ. ಅವರು ಸರಿಯಿದ್ದೀನಿ ಅಂತ ಬರೆದುಕೊಟ್ಟರೆ ಸ್ಟೇರಿಂಗು. ಇಲ್ಲದಿದ್ದರೆ ಡಿಪೋದ ಪಾಸ್ ಕೌಂಟರಿನಲ್ಲಿ ಕೂತು ಜೀವನಪೂರ್ತಿ ಫೋಟೊ ಅಂಟಿಸುವ ಕೆಲಸ. ನೆನೆಸಿಕೊಂಡರೇ ಅಳು ಬರುತ್ತದೆ.

ಸಂಜೆ ಇದನ್ನೆಲ್ಲ ಇವರಿಗೆ ವಿವರಿಸುತ್ತಿದ್ದಾಗ ಮಾವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಾರೆ. ಮಾವ ಗಾರೆ ಕೆಲಸದ ಮೇಸ್ತ್ರಿಯಾಗಿದ್ದವರು. ಒಳಗೆ ಹೋಗಿ ತಮ್ಮ ಹಳೆಯ ರಸಮಟ್ಟ ತಂದು ನನ್ನ ಕೈಗಿಟ್ಟರು. ಗೋಡೆ, ನೆಲ ಮಟ್ಟವಾಗಿದೆಯೇ ಅಂತ ನೋಡುವ ಸಾಧನ ಅದು. ಗಾಜಿನ ಕೊಳವೆ, ಒಳಗೆ ದ್ರವ, ಒಂದು ಗುಳ್ಳೆ.

"ಇಂಥದ್ದು ಮೂರು ಇಟ್ಟಿದಾನಾ ಕಿವಿಯೊಳಗೆ?" ಅಂದರು.

"ಒಂದೊಂದು ಕಿವಿಗೂ ಮೂರು ಮಾವ."

"ಭಾರಿ ಮೇಸ್ತ್ರಿ ಬಿಡು," ಅಂದು ರಸಮಟ್ಟ ವಾಪಸ್ ತೆಗೆದುಕೊಂಡು ಹೋದರು. ಮಾವನ ಬಾಯಿಂದ ತಮಾಷೆ ಬಂದದ್ದು ನಾನು ಕೇಳಿದ್ದು ಇದೇ ಮೊದಲು.

ಮಾರ್ಚ್ ೧೪, ಗುರುವಾರ

ವ್ಯಾಯಾಮ ಶುರುವಾಗಿದೆ. ಗೋಡೆಯ ಮೇಲೆ ಕಣ್ಣಿನ ಮಟ್ಟಕ್ಕೆ ಒಂದು ದೊಡ್ಡ ಅಕ್ಷರ ಅಂಟಿಸಿಕೊಂಡು, ಕಣ್ಣು ಅದರ ಮೇಲೆಯೇ ಇಟ್ಟು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಬೇಕು. ಅಕ್ಷರ ಕುಣಿಯುತ್ತದೆ, ಹೊಟ್ಟೆ ತೊಳಸುತ್ತದೆ. ಕುಣಿಯುವುದು ನಿಂತ ದಿನ ಗುಣವಾದ ಹಾಗೆ.

ಮಾವ ದಿನಾ ಸರಿಯಾಗಿ ಆ ಹೊತ್ತಿಗೇ ಬಂದು "ಟೀ ಮಾಡ್ಲಾ ಅಮ್ಮ?" ಅಂತ ಕೇಳುತ್ತಾರೆ. ನಾನು ಹಲ್ಲು ಕಚ್ಚಿಕೊಂಡು ತಲೆ ಆಡಿಸುತ್ತಿರುತ್ತೇನೆ. ಬೇಡ ಅಂದಳು ಅಂತ ಅವರು ಹೊರಟುಹೋಗುತ್ತಾರೆ, ತಮಗೊಬ್ಬರಿಗೇ ಮಾಡಿಕೊಂಡು ನನ್ನೆದುರೇ ಕೂತು ಸೊರ್ ಅಂತ ಕುಡಿಯುತ್ತಾರೆ. ಇವತ್ತು ತಡೆಯಲಾಗಲಿಲ್ಲ. ತಲೆ ಆಡಿಸುತ್ತಲೇ "ಬೇಕು ಮಾವ, ಬೇಕು!" ಅಂತ ಕಿರುಚಿದೆ. ಅವರು ಗಾಬರಿಯಾಗಿ ಎರಡು ಲೋಟ ಮಾಡಿ ಎರಡನ್ನೂ ನನಗೇ ಕೊಟ್ಟರು.

ಮಾರ್ಚ್ ೧೯, ಮಂಗಳವಾರ

ಹೊರಗೆ ನಡೆಯಬೇಕು, ನಡೆಯುತ್ತಾ ಅತ್ತ ಇತ್ತ ನೋಡಬೇಕು. ಒಬ್ಬಳೇ ಹೋಗುವ ಹಾಗಿಲ್ಲ. ಇವರು ಬೆಳಗಾಗುವಾಗ ಬಂದು ಮಲಗುತ್ತಾರೆ, ಪಾಪ, ಎಬ್ಬಿಸಲು ಮನಸ್ಸು ಬರುವುದಿಲ್ಲ. ಮಾವ "ನಾನು ಬರ್ತೀನಿ" ಅಂದರು. "ನೀನು ಎಡಕ್ಕೆ ವಾಲ್ತೀಯ, ನಾನು ಎಡಗಡೆ ಇರ್ತೀನಿ."

ನಮ್ಮ ಮೂರನೇ ಮಹಡಿಯಿಂದ ಇಳಿದು, ಔಷಧಿ ಅಂಗಡಿ ದಾಟಿ, ನೀರಿನ ಟ್ಯಾಂಕಿನವರೆಗೆ. ಕುಡಿದವಳ ನಡಿಗೆ ನನ್ನದು. ಮಾವನ ಕೈ ಉಕ್ಕಿನ ಹಾಗಿದೆ. ಎಷ್ಟು ಬಿಗಿಯಾಗಿ ಹಿಡಿಯುತ್ತಾರೆಂದರೆ ಮನೆಗೆ ಬಂದು ನೋಡಿದರೆ ಕೈ ಮೇಲೆ ನಾಲ್ಕು ಬೆರಳಿನ ಗುರುತು. ಸೊಸೆ ಬಿದ್ದುಬಿಟ್ಟಾಳೆಂಬ ಭಯ. ಹಾಗೆಲ್ಲ ತೋರಿಸಿಕೊಳ್ಳುವವರಲ್ಲ, ಕೈ ಮಾತ್ರ ಹೇಳಿಬಿಡುತ್ತದೆ.

ಮಾರ್ಚ್ ೨೭, ಬುಧವಾರ

ಇವತ್ತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ. ನಡೆದು ಮನೆಗೆ ಬಂದು ನೋಡಿದರೆ ಮಾವನ ಒಂದೇ ಕಾಲಿನಲ್ಲಿ ಚಪ್ಪಲಿ! ಇನ್ನೊಂದು ಕಾಲು ಬರಿಗಾಲು, ಮಣ್ಣಾಗಿದೆ. "ಎಲ್ಲಿ ಮಾವ?" ಅಂದರೆ ಕೆಳಗೆ ನೋಡಿಕೊಂಡು ತಬ್ಬಿಬ್ಬಾದರು. ವಾಪಸ್ ಹುಡುಕಿಕೊಂಡು ಹೋದೆವು. ಔಷಧಿ ಅಂಗಡಿಯ ಮುಂದೆ ಅನಾಥವಾಗಿ ಬಿದ್ದಿತ್ತು. ಅಲ್ಲಿಂದ ಮನೆಯವರೆಗೂ ಒಂಟಿ ಚಪ್ಪಲಿಯಲ್ಲೇ ಬಂದಿದ್ದಾರೆ ಮಹಾರಾಯರು.

"ಏನು ಮಾವ, ಅಷ್ಟೊಂದು ಯೋಚನೆ?"

"ಮರೆವು ಕಣಮ್ಮ," ಅಂದರು. ನಗಲಿಲ್ಲ. ನಾನು ಅಣಕಿಸಿದ್ದು ಜಾಸ್ತಿಯಾಯಿತೇನೋ.

ಏಪ್ರಿಲ್ ೨, ಮಂಗಳವಾರ

ಅಕ್ಷರ ಈಗ ಮೊದಲಿನಷ್ಟು ಕುಣಿಯುವುದಿಲ್ಲ. ದಿಂಬಿನ ಮೇಲೆ ನಿಂತು ಕಣ್ಣು ಮುಚ್ಚುವುದು ಹೊಸ ಪಾಠ. ದಿಂಬು ಮೆತ್ತಗಿರುವುದರಿಂದ ಅಂಗಾಲಿಗೆ ನೆಲದ ಸುದ್ದಿ ಸರಿಯಾಗಿ ಸಿಗುವುದಿಲ್ಲ, ಕಣ್ಣಂತೂ ಮುಚ್ಚಿದೆ, ಉಳಿದದ್ದು ಕಿವಿ. ಒಂದೂವರೆ ಕ್ಷಣಕ್ಕೆ ಎಡಕ್ಕೆ ಧೊಪ್ ಅಂತ ಮಾವನ ಮೇಲೆ ಬಿದ್ದೆ. ಇಬ್ಬರೂ ಸೋಫಾದ ಮೇಲೆ ಉರುಳಿದೆವು. ಇವರು ನಿದ್ದೆಗಣ್ಣಲ್ಲಿ ಎದ್ದು ಬಂದು "ಏನ್ರಪ್ಪ ಇದು, ಮನೆನಾ ಕುಸ್ತಿ ಅಖಾಡನಾ?" ಅಂದರು.

"ನೀವೂ ಒಂದ್ಸಲ ನಿಂತು ನೋಡಿ ಮಾವ," ಅಂದೆ. ಮಾವ "ನನಗ್ಯಾಕೆ ಆ ಸರ್ಕಸ್ಸು" ಅಂತ ಎದ್ದುಹೋದರು. ಆಮೇಲೆ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದರು. ಯಾವಾಗಲೂ ಹಾಗೇ, ಭುಜವನ್ನು ಗೋಡೆಗೆ ಆನಿಸಿಕೊಂಡು ಒಂದೇ ಕೈಯಲ್ಲಿ ತೊಳೆಯುತ್ತಾರೆ. ವಯಸ್ಸಾದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ.

ಮಾವನಿಗೆ ಟೀಗೆ ಸಕ್ಕರೆ ಜಾಸ್ತಿ ಬೇಕು, ರೇಡಿಯೊ ಸಣ್ಣಗೆ ಬೇಕು, ಯಾವ ಕಟ್ಟಡ ನೋಡಿದರೂ ಮೂಲೆ ನೆಟ್ಟಗಿದೆಯೇ ಅಂತ ಒಂದು ಕಣ್ಣು ಮುಚ್ಚಿ ನೋಡಲೇಬೇಕು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ತಲೆಸುತ್ತು: ಬೆಳಿಗ್ಗೆ ಸ್ವಲ್ಪ.

ಏಪ್ರಿಲ್ ೧೦, ಬುಧವಾರ

ಡಿಪೋ ಮ್ಯಾನೇಜರ್ ಫೋನ್ ಮಾಡಿದ್ದರು. ಕೌಂಟರಿನ ಜಾಗ ಖಾಲಿಯಿದೆಯಂತೆ, ಈಗಲೇ ಒಪ್ಪಿಕೊಂಡರೆ ಅದು ನನಗೇ. ಕಾಯ್ದರೆ ಅದು ಬೇರೆಯವರಿಗೆ, ನನ್ನದು ಪರೀಕ್ಷೆಯ ಮೇಲೆ. "ಯೋಚಿಸಿ ಹೇಳ್ತೀನಿ ಸಾರ್" ಅಂದೆ. ಯೋಚಿಸುವುದೇನು, ಆಗಿನಿಂದ ಅದೇ ಲೆಕ್ಕ. ಪರೀಕ್ಷೆಯಲ್ಲಿ ಬಿದ್ದರೆ ಅದೂ ಇಲ್ಲ, ಇದೂ ಇಲ್ಲ.

ಏಪ್ರಿಲ್ ೧೮, ಗುರುವಾರ

ಇವತ್ತು ಬರೆಯುವುದು ತುಂಬಾ ಇದೆ. ತಲೆಸುತ್ತಿನ ವಿಷಯ ಅಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ನಾನೂ ಮಾವನೂ ನಡೆಯಲು ಹೊರಟೆವು. ನಮ್ಮ ಕಟ್ಟಡದ ಮೆಟ್ಟಿಲಿಗೆ ಕಿಟಕಿಯೇ ಇಲ್ಲ, ಹಗಲಲ್ಲೂ ದೀಪ ಬೇಕು. ಎರಡನೇ ಮಹಡಿ ದಾಟಿದ್ದೆವು, ಮೇಲೆ ಟಪ್ ಅಂತ ಸದ್ದಾಯಿತು, ದೀಪ ಹೋಯಿತು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಮೊಬೈಲು ಮನೆಯಲ್ಲಿ, ಅದರ ಪರದೆ ನೋಡಿದರೆ ನನಗೆ ಇನ್ನೂ ತೊಳಸುತ್ತದೆ ಅಂತ ಬಿಟ್ಟು ಬರುತ್ತೇನೆ. ಮಾವನ ಹತ್ತಿರ ಅದು ಯಾವತ್ತೂ ಇದ್ದದ್ದಿಲ್ಲ.

"ಇಲ್ಲೇ ನಿಂತ್ಕೊಳೋಣ," ಅಂದರು ಮಾವ. ಅಷ್ಟರಲ್ಲಿ ಮೂಗಿಗೆ ವೈರು ಸುಟ್ಟ ವಾಸನೆ ಬಡಿಯಿತು. ಮೇಲಿನಿಂದ. ನಿಲ್ಲುವುದು ಹೇಗೆ?

"ಇಳಿಯೋಣ ಮಾವ. ನನಗೂ ಪರೀಕ್ಷೆ ಆಗಲಿ," ಅಂದು ಒಂದು ಮೆಟ್ಟಿಲು ಇಳಿದೆ. ಅವರೂ ಕಾಲು ಹಾಕಿದರು. ಕಾಲು ಎಲ್ಲಿ ಇಟ್ಟರೋ, ಇಡೀ ದೇಹ ಮುಂದಕ್ಕೆ ಜೋಲಿ ಹೊಡೆಯಿತು. ಒಂದು ಕೈ ಕಂಬಿ ಹಿಡಿದಿದ್ದಕ್ಕೆ ಉಳಿದರು. ಇನ್ನೊಂದು ಕೈ ನನ್ನ ರಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ ನಾನು ಕಿರುಚಿಕೊಂಡೆ.

"ಏನಾಯ್ತು ಮಾವ? ಮೆಟ್ಟಿಲು ಗೊತ್ತಾಗಲಿಲ್ವಾ?"

ಅವರು ಕಂಬಿಗೆ ಆನಿಕೊಂಡದ್ದು ಗೊತ್ತಾಯಿತು.

"ನನಗೆ ನೆಲನೇ ಗೊತ್ತಾಗಲ್ಲಮ್ಮ. ಮೂರು ವರ್ಷ ಆಯ್ತು. ಕಾಲಡಿ ಹತ್ತಿ ಕಟ್ಟಿದ ಹಾಗಿರುತ್ತೆ. ನೋಡ್ಕೊಂಡು ನಡೀತೀನಿ. ಕಣ್ಣಿಗೆ ಕಾಣದಿದ್ರೆ ನನಗೆ ಕಾಲೇ ಇಲ್ಲ."

ಒಂದೊಂದೇ ನೆನಪಾಯಿತು. ಚಪ್ಪಲಿ ಕಳಚಿದ್ದು, ಮುಖ ತೊಳೆಯುವಾಗ ಗೋಡೆಗೆ ಆನಿಕೊಳ್ಳುವುದು, ಕೈ ಮೇಲಿನ ಬೆರಳಿನ ಗುರುತು. ದಿನಾ ಕಣ್ಣೆದುರು ಇದ್ದರೂ ನೋಡದ ನನ್ನ ಕಣ್ಣಿಗೆ ಏನನ್ನಬೇಕು? ಇಷ್ಟು ದಿನ ಅವರು ನನ್ನನ್ನು ಹಿಡಿದುಕೊಂಡಿದ್ದಾರೆ ಅಂದುಕೊಂಡಿದ್ದೆ.

ವಾಸನೆ ಜಾಸ್ತಿಯಾಗುತ್ತಿತ್ತು. ಅಳುವುದಕ್ಕೆ ಹೊತ್ತಲ್ಲ. "ಮಾವ, ನನ್ನ ಅಂಗಾಲು ಸರಿಯಾಗಿದೆ, ನಿಮ್ಮ ಕಿವಿ ಸರಿಯಾಗಿದೆ. ನಾನು ಮೆಟ್ಟಿಲು ಹೇಳ್ತೀನಿ, ನಾನು ವಾಲಿದರೆ ನೀವು ಹೇಳಿ," ಅಂದೆ. ಚಪ್ಪಲಿ ಬಿಚ್ಚಿ ಬರಿಗಾಲಾದೆ. ಸಿಮೆಂಟು ತಣ್ಣಗಿತ್ತು, ಮೆಟ್ಟಿಲ ಅಂಚು ಸವೆದು ನುಣ್ಣಗಾಗಿತ್ತು, ಒಂದು ಕಡೆ ಮುರಿದಿತ್ತು. ಇಷ್ಟು ವರ್ಷ ಓಡಾಡಿದರೂ ಅದು ಗೊತ್ತಾಗಿರಲಿಲ್ಲ.

"ಅಂಚು ಬಂತು. ಈಗ ಇಳಿಸಿ. ಇನ್ನೂ ಕೆಳಗೆ. ಹಾಂ, ಅದೇ, ಭಾರ ಬಿಡಿ."

"ನೀನು ಎಡಕ್ಕೆ ವಾಲ್ತಿದೀಯ. ಬಲಕ್ಕೆ ಬಾ. ಸಾಕು, ನೆಟ್ಟಗಾದೆ."

"ಇಲ್ಲಿ ಮುರಿದಿದೆ, ಗೋಡೆ ಕಡೆ ಇಡಬೇಡಿ."

"ಮತ್ತೆ ವಾಲಿದೆ ನೋಡು."

"ನಾನು ವಾಲಿದ್ದು ನಿಮಗೆ ಹೇಗೆ ಗೊತ್ತಾಯ್ತು ಮಾವ, ಕತ್ತಲಲ್ಲಿ?"

"ನಲವತ್ತು ವರ್ಷ ಗೋಡೆ ಕಟ್ಟಿದೀನಿ. ವಾಲಿದ ಗೋಡೆ ಪಕ್ಕ ನಿಂತ್ರೆ ಗೊತ್ತಾಗಲ್ವಾ?"

ಆ ಕತ್ತಲಲ್ಲೂ ನಗು ಬಂತು. ಇಬ್ಬರೂ ಸೇರಿ ಒಬ್ಬ ಮನುಷ್ಯನಾಗಿ ಇಳಿದೆವು. ಬೀದಿಯ ಬೆಳಕು ಕಂಡಾಗ ಮಾವನ ಅಂಗಿ ಬೆವರಲ್ಲಿ ತೊಯ್ದು ಹೋಗಿತ್ತು, ನಾನು ಕಟ್ಟೆಯ ಮೇಲೆ ಕೂತು ಜೋರಾಗಿ ಅತ್ತೆ. ಮೇಲೆ ಸ್ವಿಚ್ ಬೋರ್ಡ್ ಒಂದು ಸುಟ್ಟಿತ್ತು, ಅಷ್ಟೇ. ಯಾರೋ ಮೇನ್ ಆಫ್ ಮಾಡಿದರು. ಇವರು ಅಲ್ಲೇ ಮಲಗಿದ್ದಾರೆಂದು ನೆನಪಾಗಿ ನನ್ನ ಜೀವ ಬಾಯಿಗೆ ಬರುವಷ್ಟರಲ್ಲಿ ಟಾರ್ಚು ಹಿಡಿದು ಲುಂಗಿಯಲ್ಲೇ ಓಡಿ ಬಂದರು, ಒಂದು ಕೈಯಲ್ಲಿ ನಾನು ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿ.

ಏಪ್ರಿಲ್ ೧೯, ಶುಕ್ರವಾರ

ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬರುವುದಿಲ್ಲ ಅಂತ ಹಠ ಹಿಡಿದರು. "ಬಕೆಟ್ ಹಿಡಿದವರು ಯಾರು? ಈಗ ನನ್ನ ಸರದಿ" ಅಂದ ಮೇಲೆ ಅಂಗಿ ಹಾಕಿಕೊಂಡು ಹೊರಟರು.

ಸಕ್ಕರೆ ಕಾಯಿಲೆ. ಎಷ್ಟು ವರ್ಷದಿಂದಲೋ, ಯಾರೂ ನೋಡಿಲ್ಲ. ಅಂಗಾಲಿನ ನರಗಳು ನಿಧಾನಕ್ಕೆ ಸುದ್ದಿ ಕಳಿಸುವುದನ್ನೇ ಬಿಟ್ಟಿವೆ. ಅಲ್ಲಿನ ಡಾಕ್ಟರು ಹತ್ತಿಯ ಎಳೆ ಮುಟ್ಟಿಸಿದರು, ಕಂಪಿಸುವ ಕಬ್ಬಿಣದ ಕವಲು ಒತ್ತಿದರು. ಮಾವ ಕಣ್ಣು ಮುಚ್ಚಿಕೊಂಡು "ಮುಟ್ಟಿ ಡಾಕ್ಟ್ರೇ, ಯಾಕೆ ಸುಮ್ನೆ ನಿಂತಿದೀರಾ?" ಅಂತ ಕೇಳಿದರು. ಅವರು ಮುಟ್ಟಿಯೇ ಇದ್ದರು. ನಾನೂ ಇವರೂ ಮುಖ ಮುಖ ನೋಡಿಕೊಂಡೆವು. ಹಿಮ್ಮಡಿಯ ಹತ್ತಿರ ಒಂದು ಗಾಜಿನ ಚೂರು ನೆಟ್ಟು ಕೀವು ತುಂಬಿತ್ತು, ಅದೂ ಅವರಿಗೆ ಗೊತ್ತಿಲ್ಲ. ಆ ಒಂಟಿ ಚಪ್ಪಲಿಯ ದಿನದ್ದೋ ಏನೋ. ನಾನು ಅವತ್ತು ನಕ್ಕಿದ್ದೆ.

ಹೋದ ಸ್ಪರ್ಶ ಪೂರ್ತಿ ವಾಪಸ್ ಬರುವುದು ಕಷ್ಟವಂತೆ. ಸಕ್ಕರೆ ಹಿಡಿತದಲ್ಲಿಟ್ಟರೆ ಇನ್ನಷ್ಟು ಹೋಗದಂತೆ ನೋಡಿಕೊಳ್ಳಬಹುದು. ದಿನಾ ಅಂಗಾಲನ್ನು ಕಣ್ಣಲ್ಲಿ ನೋಡಬೇಕು, ಯಾಕೆಂದರೆ ಕಾಲು ತಾನಾಗಿ ಏನೂ ಹೇಳುವುದಿಲ್ಲ.

ದಾರಿಯಲ್ಲಿ ಕೇಳಿದೆ, "ಯಾಕೆ ಮಾವ ಮುಚ್ಚಿಟ್ರಿ?"

"ಹೇಳಿದ್ರೆ ನೀನು ಸ್ಟೇರಿಂಗ್ ಬಿಟ್ಟು ನನ್ನ ಕೈ ಹಿಡ್ಕೊಂಡು ಮನೇಲಿ ಕೂರ್ತಿದ್ದೆ. ನನಗೆ ಗೊತ್ತಿಲ್ವಾ ನಿನ್ನ?"

"ನನ್ನ ಬಸ್ ಹತ್ತಿದವರೇ ಅಲ್ಲ ನೀವು. ನಿಮಗೆ ನನ್ನ ಸ್ಟೇರಿಂಗ್ ಉಸಾಬರಿ ಯಾಕೆ?"

"ಮೊದಮೊದಲು ಸಂಕೋಚ. ಆಮೇಲೆ ಕಾಲು. ನಿನ್ನ ಪ್ರಯಾಣಿಕರ ಮುಂದೆ ನಿನ್ನ ಮಾವ ಮುಗ್ಗರಿಸಿ ಬಿದ್ರೆ ಚೆನ್ನಾಗಿರುತ್ತಾ?" ಆಮೇಲೆ ಬೇರೆ ಕಡೆ ನೋಡುತ್ತಾ, "ತಿರುವಿನಲ್ಲಿ ನಿಂತು ನೋಡ್ತಿದ್ದೆ. ಎಷ್ಟೋ ಸಲ. ಚೆನ್ನಾಗಿ ತಿರುಗಿಸ್ತೀಯ."

ಎಂಟು ವರ್ಷ ಮನಸ್ಸಿನಲ್ಲೇ ಈ ಮನುಷ್ಯನ ಜೊತೆ ಜಗಳ ಆಡಿದ್ದೆ.

ಏಪ್ರಿಲ್ ೨೬, ಶುಕ್ರವಾರ

ಕೌಂಟರ್ ಕೆಲಸ ಒಪ್ಪಿಕೊಳ್ಳುತ್ತೇನೆ ಅಂತ ಹೇಳಿದೆ, ಅಷ್ಟಕ್ಕೇ ಮನೆಯಲ್ಲಿ ರಣರಂಗ. ಕೌಂಟರಾದರೆ ಬೆಳಿಗ್ಗೆ ಹತ್ತರಿಂದ, ಭಾನುವಾರ ರಜೆ. ಮಾವನಿಗೆ ಔಷಧಿ, ಕಾಲಿಗೆ ಪಟ್ಟಿ, ನಡಿಗೆ ಎಲ್ಲಕ್ಕೂ ಅನುಕೂಲ. ಮಾವ ಮುಖ ಊದಿಸಿಕೊಂಡು ಊಟದ ತಟ್ಟೆ ಸರಿಸಿದರು. "ನೀನು ಕೌಂಟರಿಗೆ ಹೋದ್ರೆ ನಾನು ಈ ಕಾಲು ಯಾರಿಗೂ ತೋರಿಸಲ್ಲ. ಕೊಳೆತು ಹೋಗ್ಲಿ."

"ಬೆದರಿಸ್ತೀರಾ?"

"ಹೂಂ, ಬೆದರಿಸ್ತೀನಿ."

ಇವರು ನಡುವೆ ಬಾಯಿ ಹಾಕಿ, "ಅಪ್ಪನ ಕಾಲು ನಾನು ನೋಡ್ತೀನಿ, ಪಾಳಿ ಬದಲಾಯಿಸಿಕೊಂಡಿದೀನಿ. ನೀನು ಪರೀಕ್ಷೆಗೆ ಹೋಗು," ಅಂದರು. ಯಾವಾಗ ಬದಲಾಯಿಸಿದರೋ, ನನಗೆ ಒಂದು ಮಾತೂ ಹೇಳಿರಲಿಲ್ಲ. ಅಪ್ಪ ಮಗ ಇಬ್ಬರೂ ಒಂದೇ ಅಚ್ಚು. ಮ್ಯಾನೇಜರಿಗೆ ಫೋನ್ ಮಾಡಿ ಕಾಯುತ್ತೇನೆ ಅಂದೆ.

ಮೇ ೬, ಸೋಮವಾರ

ಮಾವನ ಗಾಯ ಒಣಗುತ್ತಿದೆ. ಹೊಸ ಚಪ್ಪಲಿ ಬಂದಿದೆ, ಹಿಂದೆ ಪಟ್ಟಿ ಇರುವಂಥದ್ದು, ಕಳಚಿ ಬೀಳುವುದಿಲ್ಲ. ಕಾಲು ನೋಡಲು ಬಿಡದೆ ಎಳೆದುಕೊಳ್ಳುತ್ತಿದ್ದವರು ಈಗ ಬೆಳಿಗ್ಗೆ ತಾವೇ ನೀಡಿಕೊಂಡು ಕೂರುತ್ತಾರೆ, "ನೋಡಮ್ಮ ನಿನ್ನ ರಸ್ತೆ ಸರಿಯಾಗಿದೆಯಾ" ಅಂತ. ಟೀಗೆ ಸಕ್ಕರೆ ಇಲ್ಲ. ಅದೊಂದಕ್ಕೆ ಮಾತ್ರ ದಿನಾ ಜಗಳ. ನಾನೂ ಬಿಟ್ಟಿದ್ದೇನೆ, ಜೊತೆಗಿರಲಿ ಅಂತ. ಕಹಿ, ಥೂ.

ಮೇ ೧೩, ಸೋಮವಾರ

ಪಾಸು!

ಬಾಗಿಲು ತೆಗೆದದ್ದು ಮಾವ. "ಕೊಟ್ರಾ?" ಅಂದರು. "ಕೊಟ್ರು" ಅಂದೆ. ಅವರು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಾ ಕಣ್ಣೊರೆಸಿಕೊಂಡರು. ಟೀಗೆ ಇವತ್ತೊಂದು ದಿನ ಅರ್ಧ ಚಮಚ ಸಕ್ಕರೆ ಹಾಕಲು ನಾನೇ ಒಪ್ಪಿದೆ. ಗುರುವಾರದಿಂದ ಡ್ಯೂಟಿ, ಮಧ್ಯಾಹ್ನದ ಪಾಳಿ ಕೇಳಿ ತೆಗೆದುಕೊಂಡಿದ್ದೇನೆ, ಬೆಳಗಿನ ನಡಿಗೆ ತಪ್ಪದ ಹಾಗೆ. ಮಾವ ಮೊದಲ ದಿನವೇ ಬಸ್ ಹತ್ತುತ್ತಾರಂತೆ, ಮೆಟ್ಟಿಲ ಹತ್ತಿರ ಇವರು ಹಿಡಿದುಕೊಳ್ಳುತ್ತಾರೆ.

ಮಾವನಿಗೆ ಒಂದು ವಿಷಯ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ.

ಸ್ಪಂಜಿನ ಮೇಲೆ ಕಣ್ಣು ಮುಚ್ಚಿ ನಿಂತೆ, ಬೀಳಲಿಲ್ಲ. ಗೆರೆಯ ಮೇಲೆ ತಲೆ ತಿರುಗಿಸುತ್ತಾ ನಡೆದೆ, ತಪ್ಪಲಿಲ್ಲ. ಕೊನೆಗೆ ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಕಣ್ಣು ಮುಚ್ಚಿ ಗೋಡೆಯವರೆಗೂ ನಡೆಯಬೇಕಿತ್ತು. ನಡೆದೆ. ನಿಲ್ಲಿ ಅಂದಾಗ ಕಣ್ಣು ಬಿಟ್ಟೆ. ಡಾಕ್ಟರಮ್ಮ ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

"ನೇರವಾಗೇ ನಡೆದ್ರಿ. ಆದ್ರೆ ಆ ಎಡಗೈ ಯಾಕೆ ಚಾಚಿದ್ರಿ? ಬೀಳ್ತೀನಿ ಅನ್ನಿಸ್ತಾ?"

ನೋಡಿಕೊಂಡೆ. ಎಡಗೈ ಇನ್ನೂ ಪಕ್ಕಕ್ಕೇ ಚಾಚಿತ್ತು, ಬೆರಳುಗಳು ಏನನ್ನೋ ಹಿಡಿದ ಹಾಗೆ ಬಿಗಿಯಾಗಿದ್ದವು. ಅಭ್ಯಾಸಬಲ ಅಂತ ಏನಾದರೂ ಹೇಳಿಬಿಡೋಣ ಅನ್ನಿಸಿತು, ಸರ್ಟಿಫಿಕೇಟಿನ ಪ್ರಶ್ನೆ. ಬಾಯಿಗೆ ನಿಜವೇ ಬಂತು.

"ನಾನಲ್ಲ ಡಾಕ್ಟ್ರೇ. ಆ ಪಕ್ಕದಲ್ಲಿ ನಮ್ಮ ಮಾವ ಇರ್ತಾರೆ. ಅವರು ಬೀಳಬಾರದು ಅಂತ."

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತು ಸಹಿ ಹಾಕಿದರು.